ಬೋಣಿಯ ಕೈ

ಬೇಡದ ವಸ್ತುಗಳನ್ನು ಕೊಳ್ಳುವುದರಲ್ಲಿ ಅವರಷ್ಟು ಹೆಸರು ಮಾಡಿದವರು ಸಕಲೇಶಪುರದ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಬೆಳಗಿನ ಪೂಜೆ ಮುಗಿಸಿ ಚರ್ಚಿನಿಂದ ಇಳಿದು ಬರುವ ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. "ಬಾಯಮ್ಮ, ಒಂದು ಬೋಣಿ ಮಾಡಿ ಹೋಗಿ" ಎಂದು ಒಂದು ಕಡೆಯಿಂದ ಕೂಗು ಬಂದರೆ, ಅದು ಮುಗಿಯುವಷ್ಟರಲ್ಲಿ ಎದುರು ಸಾಲಿನಿಂದ ಇನ್ನೊಂದು. ಕ್ರೈಸ್ತ ಹೆಂಗಸರನ್ನು ನಮ್ಮ ಪೇಟೆ ಕರೆಯುವುದೇ ಬಾಯಮ್ಮ ಎಂದು. ಅವರು ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ. ಒಂದು ನಿಂಬೆಹಣ್ಣು, ಒಂದು ಬೆಂಕಿಪೊಟ್ಟಣ, ಬಾಗಿಲಿನ ಚಿಲಕ, ಇಲಿ ಬೋನು. ಶಾಲೆಗೆ ಬಂದು ಚೀಲ ಬಿಚ್ಚಿ ಅವನ್ನೆಲ್ಲ ನಮಗೆ ಹಂಚುತ್ತಿದ್ದರು. ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಇವತ್ತಿಗೂ ಇರುವುದು ಅವರು ಬೋಣಿಗೆಂದು ಕೊಂಡ ಚಿಲಕ.

ಅವರು ಹೊಲಿಗೆ ಟೀಚರ್. ನಾನು ಅದೇ ಶಾಲೆಯಲ್ಲಿ ಕನ್ನಡ ಮೇಷ್ಟ್ರು, ಪಾಳ್ಯದ ಕಡೆಯವನು. ಸ್ಟಾಫ್ ರೂಮಿನ ಕಿಟಕಿ ಪಕ್ಕದ ಬೆಂಚು ನಮ್ಮಿಬ್ಬರದು. ನಿವೃತ್ತರಾದ ಮೇಲೆ ಒಂದೇ ಓಣಿಯಲ್ಲಿ ನೆರೆಹೊರೆಯವರೂ ಆದೆವು. ಇಷ್ಟೆಲ್ಲ ಹತ್ತಿರದಿಂದ ಕಂಡಿದ್ದರೂ, ಅವರು ತೀರಿಕೊಂಡಾಗ ಶಾಲೆಯವರು ಶ್ರದ್ಧಾಂಜಲಿ ಸಭೆ ಕರೆದು "ಮೇಷ್ಟ್ರು ನಾಲ್ಕು ಮಾತಾಡ್ಬೇಕು" ಎಂದಾಗ ನಾನು ಎದ್ದು ನಿಂತು ಸೂಜಿ ದಾರದ ಬಗ್ಗೆ ಏನೋ ತಡವರಿಸಿ ಕುಳಿತುಬಿಟ್ಟೆ. ದುಃಖವೆಂದು ಎಲ್ಲರೂ ತಿಳಿದರು. ನಿಜ ಹೇಳಬೇಕೆಂದರೆ, ಅವರು ನನಗೆ ಮೋಸ ಮಾಡಿದರೋ ಉಪಕಾರ ಮಾಡಿದರೋ ಎಂಬುದೇ ನನಗೆ ಗೊತ್ತಿರಲಿಲ್ಲ. ಈಗಲೂ ಸರಿಯಾಗಿ ಗೊತ್ತಿಲ್ಲ. ಗೊತ್ತಾಗಬಹುದೇನೋ ಎಂಬ ಆಸೆಯಿಂದ ಬರೆಯಲು ಕೂತಿದ್ದೇನೆ.

ಅವರ ಹೆಸರು ಹಾಕುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಹೊಲಿಗೆ ಪರೀಕ್ಷೆಯಲ್ಲಿ ಹುಡುಗಿಯರು ತಂದ ಬಟ್ಟೆಯನ್ನು ಅವರು ಎದುರಿನಿಂದ ನೋಡುತ್ತಲೇ ಇರಲಿಲ್ಲ. "ಮಗುಚು" ಎನ್ನುತ್ತಿದ್ದರು. ಒಳಬದಿಯ ಹೊಲಿಗೆ ನೋಡಿ ಅಂಕ ಕೊಡುತ್ತಿದ್ದರು. ಕಷ್ಟದ ಮಾತು ಕೇಳುವಾಗ ಒಂದು ಕಣ್ಣು ಮುಚ್ಚಿ, ಎದುರಿಗೆ ಸೂಜಿ ಇದೆಯೆಂಬಂತೆ ಬೆರಳು ಜೋಡಿಸುವುದು ಅವರ ಅಭ್ಯಾಸ. ಹೆಡ್‌ಮಾಸ್ಟರು ಬೈಯುವಾಗಲೂ ಹಾಗೇ ಮಾಡಿ ಇನ್ನಷ್ಟು ಬೈಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪೇಟೆಯವರೆಲ್ಲ ನಂಬಿದ್ದ ಅವರ ಕೈಗುಣದ ವಿಷಯಕ್ಕೆ ಬಂದರೆ, ಅವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. ನಾನೊಮ್ಮೆ ಕೆಣಕಿದೆ. "ಏನ್ ಟೀಚರ್, ನಿಮ್ಮ ಕೈಯಲ್ಲಿ ಲಕ್ಷ್ಮಿ ಅವ್ಳಂತೆ?"

"ನಮ್ಮಲ್ಲಿ ಅದೆಲ್ಲ ಇಲ್ಲ ಮಾರಾಯ್ರೇ. ಕರೀತಾರೆ, ಹೋಗ್ತೇನೆ" ಎಂದರು. "ನೀವು ಅಂಗಡಿ ತೆರೆದವನ ಮುಖ ನೋಡಿದ್ದೀರಾ? ಮೊದಲ ಗಿರಾಕಿ ಬರುವವರೆಗೆ ಅವನಿಗೆ ಜೀವ ಇರುವುದಿಲ್ಲ. ಒಂದು ನಿಂಬೆಹಣ್ಣು ತಗೊಂಡ್ರೆ ಬರ್ತದೆ. ನನಗೆ ಎಂತ ಹೋಗುವುದು?"

ಬೋಣಿಯ ಹಣವನ್ನು ಮಾತ್ರ ಅವರು ಫೋನಿನಲ್ಲಿ ಕಳಿಸುತ್ತಿರಲಿಲ್ಲ. ಕೈಯಲ್ಲೇ ಕೊಡಬೇಕು. ಅಂಗಡಿಯವನು ಅದನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಬೇಕು. ಫೋನು ಟಣ್ ಎಂದರೆ ಅವನು ಪಾಪ ಏನನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ ಎನ್ನುವುದು ಅವರ ವಾದ.

ಇನ್ನು ಅವರ ಯಜಮಾನರು. ದೋಣಿಗಲ್‌ನ ಕೆಳಗೊಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಸ್ಟೋರಿನ ಬೀಗ, ಕಾಫಿ ಮೂಟೆಗಳ ಲೆಕ್ಕ ಎಲ್ಲ ಅವರ ಕೈಯಲ್ಲಿ. ಮಾತುಗಾರ. ಹಾಸನದ ಒಂದು ಹೋಟೆಲಿನಲ್ಲಿ ಯಾರೋ ಸೂಟು ಹಾಕಿಕೊಂಡವರು ನಡೆಸಿದ ಸಭೆಗೆ ಹೋಗಿ, ಕ್ರಿಪ್ಟೋ ಕಾಯಿನ್ ಎಂಬ, ಫೋನಿನೊಳಗೇ ಇರುವ ನಾಣ್ಯದ ಹೊಸ ಸುದ್ದಿ ಹೊತ್ತು ಘಾಟಿಗೆ ಮರಳಿದರು. ಆ ಕಾಯಿನ್‌ಗೆ ಕಾಫಿ ಹೂವಿನ ಗುರುತು. ಮುಂದೆ ನಮ್ಮ ಕಡೆಯ ಹೋಮ್‌ಸ್ಟೇಗಳಲ್ಲೆಲ್ಲ ಟೂರಿಸ್ಟರು ಅದರಲ್ಲೇ ಬಾಡಿಗೆ ಕೊಡುತ್ತಾರಂತೆ, ಬೆಳೆಗಾರರು ಅದರಲ್ಲೇ ಕಾಫಿ ಮಾರುತ್ತಾರಂತೆ. ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅಷ್ಟು ಉತ್ಸಾಹದಿಂದ ಹೇಳುವ ಮನುಷ್ಯನಿಗೆ ಇಲ್ಲವೆನ್ನಲು ಆಗದೆ ಊರ ತೋಟದ ಒಂದು ವರ್ಷದ ಮೆಣಸಿನ ದುಡ್ಡು ಹಾಕಿದೆ. ಪೇಟೆಯಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿ ಇಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿಯೂ ಹಾಕಿದ. ಅವನನ್ನು ನೂಲಂಗಡಿಯವನು ಎಂದೇ ಕರೆಯೋಣ. ಇನ್ನೂ ಕೆಲವರಿದ್ದರು.

ಹಾಕಿ ವರ್ಷ ತುಂಬುವ ಮೊದಲೇ ರೈಟರು ಎಸ್ಟೇಟಿನ ಕಣದಲ್ಲಿ ಕುಸಿದು ಕೂತವರು ಮತ್ತೆ ಏಳಲಿಲ್ಲ.

ಅದಾದ ಮೇಲೆ ಟೀಚರು ಮತ್ತೆ ಶಾಲೆಗೆ ಬರತೊಡಗಿದರು. ಅದೇ ಚರ್ಚು, ಅದೇ ಇಳಿಜಾರು, ಅದೇ ಪೇಟೆ. ಕೂಗು ಮಾತ್ರ ಇಲ್ಲ. ಗಂಡ ಸತ್ತವರ ಕೈಯಿಂದ ಬೋಣಿ ಆಗಬಾರದೆಂಬ ನಂಬಿಕೆ ಅವರ ಧರ್ಮದ್ದಲ್ಲ, ಅಂಗಡಿಯವರದು. ತಗುಲಿದ್ದು ಅವರಿಗೆ. ಯಾರೂ ಕೆಟ್ಟ ಮಾತಾಡಲಿಲ್ಲ. ಅವರು ಹತ್ತಿರ ಬರುತ್ತಿದ್ದಂತೆ ಒಬ್ಬನಿಗೆ ಕೌಂಟರಿನ ಕೆಳಗೆ ಏನೋ ಹುಡುಕುವುದಿರುತ್ತಿತ್ತು, ಇನ್ನೊಬ್ಬನಿಗೆ ಫೋನು ಬರುತ್ತಿತ್ತು.

ಒಂದು ಬೆಳಿಗ್ಗೆ ನಾನೂ ಜೊತೆಗಿದ್ದೆ. ಶಾಲೆಯ ವಾರ್ಷಿಕೋತ್ಸವಕ್ಕೆ ಜರಿ ಅಂಚು ಬೇಕಾಗಿತ್ತು. ಟೀಚರು ನೂಲಂಗಡಿಯ ಮೆಟ್ಟಿಲು ಹತ್ತಿದರು. ಅವನು ತಲೆ ತಗ್ಗಿಸಿಕೊಂಡೇ, "ಬಾಯಮ್ಮ, ಇನ್ನೂ ಬೋಣಿ ಆಗಿಲ್ಲ. ಒಂದ್ ಗಳಿಗೆ ಬುಟ್ಟು ಬರ್ತೀರಾ?" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಏನೋ ಅಂದೆ ನೀನು?" ಎಂದು ಮುಂದೆ ಹೋದವನನ್ನು ಅವರೇ ತೋಳು ಹಿಡಿದು ಇಳಿಸಿಕೊಂಡು ಬಂದರು.

"ಬಿಡಿ ಮೇಷ್ಟ್ರೇ. ಅವನ ಹೊಟ್ಟೆಪಾಡು, ಅವನಿಗೆ ಭಯ" ಎಂದರು. ಸ್ವಲ್ಪ ದೂರ ಹೋದ ಮೇಲೆ ನಕ್ಕರು. "ಇಷ್ಟು ವರ್ಷದಲ್ಲಿ ಇವತ್ತೊಂದು ದಿನ ನಿಜವಾಗಿ ಬೇಕಾದ ವಸ್ತು ತಗೊಳ್ಲಿಕ್ಕೆ ಹೋಗಿದ್ದೆ, ನೋಡಿ."

ಆ ನಗು ನನಗೆ ಇಷ್ಟವಾಗಲಿಲ್ಲ. ಅತ್ತಿದ್ದರೆ ಏನಾದರೂ ಹೇಳಬಹುದಿತ್ತು.

ನಿವೃತ್ತಿಯ ಬಳಿಕ, ಆ ಹೂವಿನ ಕಾಯಿನ್ ಏನಾಯಿತೆಂದು ಕೇಳಲು ಅವರ ಮನೆಗೆ ಹೋದೆ. ರೈಟರು ನನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟಿದ್ದರೇ ಹೊರತು ಅದನ್ನು ಓದುವುದು ಹೇಗೆಂದು ಹೇಳಿಕೊಟ್ಟಿರಲಿಲ್ಲ. ಟೀಚರು ಆಗಲೇ ಕಲಿತಿದ್ದರು. ಹಾಸನದಲ್ಲಿ ನರ್ಸ್ ಆಗಿದ್ದ ಅವರ ತಂಗಿಯ ಮಗಳು ಹೇಳಿಕೊಟ್ಟಿದ್ದಳು. ಮೇಜಿನ ಮೇಲೆ ಎರಡು ಫೋನಿದ್ದವು. ಒಂದು ಅವರದು, ಇನ್ನೊಂದು ರೈಟರದು.

"ಮೇಲೆ ಇರುವುದು ಬೆಲೆ. ಅದನ್ನು ನೋಡಬೇಡಿ" ಎಂದರು. "ಅದರ ಕೆಳಗೆ ವಾಲ್ಯೂಮ್ ಅಂತ ಉಂಟಲ್ಲ, ಅದನ್ನು ನೋಡಿ."

ವಾಲ್ಯೂಮ್ ಎಂದರೆ ನನಗೆ ಗೊತ್ತಿದ್ದುದು ರೇಡಿಯೊದ ಕಿವಿ ಹಿಂಡುವುದು. ಹಾಗೆಂದೆ.

"ಬೆಲೆ ಅಂದ್ರೆ ಬರೀ ಕೂಗು ಮೇಷ್ಟ್ರೇ. ನನ್ನ ಈ ಹಳೇ ಮೆಷಿನ್ನಿಗೆ ಲಕ್ಷ ರೂಪಾಯಿ ಅಂತ ಚೀಟಿ ಅಂಟಿಸಿ ಕೂರಬಹುದು ನಾನು. ಕೊಳ್ಳುವವರು ಬರಬೇಕಲ್ಲ? ಇವತ್ತು ಎಷ್ಟು ವಸ್ತು ಕೈ ಬದಲಾಯ್ತು, ಅದು ವಾಲ್ಯೂಮ್. ಅದಿದ್ರೆ ಪೇಟೆಗೆ ಜೀವ ಉಂಟು ಅಂತ ಅರ್ಥ. ಇಲ್ಲದಿದ್ರೆ ಆ ಬೆಲೆ ಗೋಡೆ ಮೇಲೆ ಬರೆದದ್ದು."

ಇಷ್ಟು ಚೆನ್ನಾಗಿ ನನಗೆ ಯಾರೂ ಪಾಠ ಮಾಡಿರಲಿಲ್ಲ. ಅಂದಿನಿಂದ ನಾನು ವಾಲ್ಯೂಮಿನ ಭಕ್ತನಾದೆ. ಬೆಳಿಗ್ಗೆ ಎದ್ದು ಕಾಫಿ ಕುಡಿಯುತ್ತ ಫೋನು ನೋಡುವುದು. ಮೊದಲು ಸೊನ್ನೆ ಇರುತ್ತಿತ್ತು. ಚರ್ಚಿನ ಪೂಜೆ ಬಿಟ್ಟು ಜನ ಓಣಿಯಲ್ಲಿ ಇಳಿಯುವ ಹೊತ್ತಿಗೆ ಅಲ್ಲೊಂದು ಅಂಕಿ ಮೂಡುತ್ತಿತ್ತು. ದೊಡ್ಡದಲ್ಲ, ಆದರೆ ತಪ್ಪುತ್ತಿರಲಿಲ್ಲ. ಎಲ್ಲೋ ಯಾರೋ ಕೊಂಡರು, ಯಾರೋ ಮಾರಿದರು. ನಮ್ಮ ಕಾಯಿನ್ ಬದುಕಿದೆ ಎಂದು ನೆಮ್ಮದಿಯಾಗಿ ಎರಡನೇ ಲೋಟ ಕಾಫಿ ಕೇಳುತ್ತಿದ್ದೆ.

ಭಾನುವಾರ ಅದು ಸ್ವಲ್ಪ ತಡ. ಅದಕ್ಕೂ ನಾನೊಂದು ಕಾರಣ ಕಂಡುಹಿಡಿದಿದ್ದೆ. ಪರದೇಶದವರು ಭಾನುವಾರ ತಡವಾಗಿ ಏಳುತ್ತಾರೆ ಎಂದು ನೂಲಂಗಡಿಯಲ್ಲಿ ನಿಂತು ವಿವರಿಸಿದೆ. ಅವನು ತಲೆದೂಗಿದ. ಶುಭ ಶುಕ್ರವಾರ ಇಡೀ ದಿನ ಸೊನ್ನೆ. ಈ ಕಾಯಿನ್ ಪೇಟೆಗೆ ರಜೆಯೇ ಇಲ್ಲ ಎಂದು ರೈಟರು ಹೇಳಿದ್ದರಲ್ಲ ಎಂದು ತಲೆ ಕೆರೆದುಕೊಂಡೆ. ಮಾರನೆಯ ದಿನ ಟೀಚರನ್ನೇ ಕೇಳಿದೆ.

"ಅಂಥ ದಿನ ಯಾರು ವ್ಯಾಪಾರ ಮಾಡ್ತಾರೆ" ಎಂದು ಅವರು ಮೆಂತ್ಯ ಸೊಪ್ಪು ಬಿಡಿಸುತ್ತ ಕೂತರು. ಉತ್ತರ ಸರಿಯಾಗಿಯೇ ಇದೆ ಅನ್ನಿಸಿತು.

ಈಗ ಬರೆಯುವಾಗ ಎಲ್ಲ ಎಷ್ಟು ಬಟಾಬಯಲಾಗಿ ಕಾಣುತ್ತದೆ. ಆಗ ಕಾಣಲಿಲ್ಲ. ಬಟ್ಟೆಯನ್ನು ಮಗುಚಿ ನೋಡಬೇಕೆಂದು ವರ್ಷಗಟ್ಟಲೆ ಅದೇ ಬೆಂಚಿನಲ್ಲಿ ಕೂತು ಕೇಳಿಸಿಕೊಂಡವನು ನಾನು.

ಹಾಗೆಂದು ಅವರು ನನಗೆ ಎಚ್ಚರಿಕೆ ಕೊಡಲಿಲ್ಲ ಎನ್ನುವಂತೆಯೂ ಇಲ್ಲ. ಗೋಜಲಾಗುವುದೇ ಇಲ್ಲಿ. ಒಂದು ಸಂಜೆ ತಾವಾಗಿಯೇ ನಮ್ಮ ಜಗಲಿಗೆ ಬಂದು, "ಆ ಕಾಯಿನ್ ಮಾರಿಬಿಡಿ ಮೇಷ್ಟ್ರೇ" ಎಂದರು. "ಅದನ್ನು ಮಾಡಿದವರು ಮಾತಾಡಿ ಎಷ್ಟು ಕಾಲ ಆಯ್ತು. ಹೋಮ್‌ಸ್ಟೇಯಲ್ಲಿ ತಗೊಳ್ತಾರೆ ಅಂದ್ರಲ್ಲ, ಒಬ್ರಾದ್ರೂ ತಗೊಂಡ್ರಾ?"

"ವಾಲ್ಯೂಮ್ ಐತಲ್ಲ ಟೀಚರ್" ಎಂದೆ. ಅವರದೇ ಪಾಠವನ್ನು ಅವರಿಗೇ ಒಪ್ಪಿಸಿದ ಹೆಮ್ಮೆ ನನಗೆ.

ಅವರು ಒಂದು ಕಣ್ಣು ಮುಚ್ಚಿ ಬೆರಳು ಜೋಡಿಸಿದರು. "ಕ್ಲಾಸಿನಲ್ಲಿ ಒಬ್ಬಳೇ ಹುಡುಗಿ ಎಲ್ಲರ ಹೆಸರಿಗೂ ಪ್ರೆಸೆಂಟ್ ಅಂತ ಕೂಗಿದ್ರೆ ಹಾಜರಿ ತುಂಬ್ತದೆ ಮೇಷ್ಟ್ರೇ. ಕ್ಲಾಸು ತುಂಬುವುದಿಲ್ಲ" ಎಂದರು.

ಯಾವುದೋ ಹಳೆಯ ಹುಡುಗಿಯನ್ನು ನೆನೆಯುತ್ತಿದ್ದಾರೆಂದುಕೊಂಡು, "ಹ್ಞೂಂ, ಅಂಥೋರು ಇರ್ತಿದ್ರು ಬುಡಿ" ಎಂದು ನಾನೂ ನಾಲ್ಕು ಹೆಸರು ಹೇಳಿದೆ. ಅವರು ಎದ್ದು ಹೋದರು.

ಆಮೇಲೆ ನನ್ನ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಲೇಬೇಕಿತ್ತು. ಕಾಯಿನ್‌ಗಳಲ್ಲಿ ಅರ್ಧವನ್ನು ಮಾರಲು ಇಟ್ಟೆ. ಯಾರು ಕೊಳ್ಳುತ್ತಾರೋ, ಎಷ್ಟು ದಿನವೋ ಎಂಬ ಚಿಂತೆ. ಆಸ್ಪತ್ರೆಗೆ ಹೊರಡುವ ಮುಂಚೆ ಟೀಚರಿಗೆ ಹೇಳಿ ಹೋಗೋಣವೆಂದು ಅವರ ಮನೆಗೆ ಹೋಗಿ, "ಅರ್ಧ ಮಾರೋಕೆ ಹಾಕಿದೀನಿ, ದೇವ್ರೇ ಗತಿ" ಎಂದೆ. ಹಾಸನ ಮುಟ್ಟುವಷ್ಟರಲ್ಲಿ ಎಲ್ಲವೂ ತೋರಿಸಿದ ಬೆಲೆಗೇ ಮಾರಾಟವಾಗಿತ್ತು.

ಹೆಂಡತಿ ಕೋಲು ಹಿಡಿದು ನಡೆಯುವಂತಾದಾಗ ಸಿಹಿ ತೆಗೆದುಕೊಂಡು ಅವರ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಒಂದು ಮೂಲೆಯನ್ನು ಅವರು ಬಹಳ ಹಿಂದೆಯೇ ಖಾಲಿ ಮಾಡಿಟ್ಟಿದ್ದರು. ಕರೆಂಟಿನ ಕಸೂತಿ ಮೆಷಿನ್ ತಂದು, ಮನೆಯಲ್ಲೇ ಹುಡುಗಿಯರಿಗೆ ಹೇಳಿಕೊಡಬೇಕೆಂಬುದು ಅವರ ಆಸೆ. ಅದಕ್ಕೆಂದೇ ಪ್ಲಗ್ ಕೂಡ ಹಾಕಿಸಿದ್ದರು. ಖಾಲಿ ಮೂಲೆಯಲ್ಲಿ ನನ್ನ ಕೊಡೆ ಒರಗಿಸುತ್ತ, "ಮೆಷಿನ್ ಯಾವಾಗ ಬರ್ತದೆ ಟೀಚರ್, ನನ್ನ ಕೊಡೆಗೇ ಈ ಜಾಗ ಬರ್ಕೊಡ್ತೀರೋ ಹೆಂಗೆ?" ಎಂದು ಚೇಷ್ಟೆ ಮಾಡಿದೆ.

"ಬರ್ತದೆ. ಅವಸರ ಎಂತದು" ಎಂದರು. ಮತ್ತೆ, "ಉಳಿದ ಅರ್ಧ?" ಎಂದು ಕೇಳಿದರು.

"ಇಷ್ಟು ಸಲೀಸಾಗಿ ಹೋಗ್ತದೆ ಅಂದ್ಮೇಲೆ ಅದಕ್ಕೇನವಸರ? ಕೊಳ್ಳೋ ಜನ ಅವ್ರಲ್ಲ" ಎಂದೆ.

"ಹೌದಲ್ಲ" ಎಂದು ಅವರು ಸಿಹಿಯನ್ನು ಬಹಳ ನಿಧಾನ ತಿಂದರು.

ಅವರು ಹೋದದ್ದು ಮಳೆಗಾಲದ ಕೊನೆಗೆ. ಜ್ವರವೆಂದು ಮಲಗಿದರು, ತಂಗಿಯ ಮಗಳು ಹಾಸನಕ್ಕೆ ಕರೆದುಕೊಂಡು ಹೋದಳು, ಅಲ್ಲಿಂದ ಮರಳಿ ಬಂದದ್ದು ದೇಹ. ಅವರು ಮಲಗಿದ ಮೊದಲ ದಿನದಿಂದಲೇ ನನ್ನ ಫೋನಿನಲ್ಲಿ ವಾಲ್ಯೂಮ್ ಸೊನ್ನೆಯಾಗಿತ್ತು. ನಾನು ನೆಟ್‌ವರ್ಕ್ ಸರಿಯಿಲ್ಲವೆಂದು ಫೋನು ಹಿಡಿದು ಓಣಿಯ ತುದಿಯವರೆಗೆ ಹತ್ತಿ ಹೋಗುತ್ತಿದ್ದೆ. ಮಣ್ಣು ಮಾಡಿ ಬಂದ ಸಂಜೆಯೂ ಅಭ್ಯಾಸ ಬಲದಿಂದ ನೋಡಿದೆ. ಸೊನ್ನೆ. ಅಷ್ಟಾದರೂ ಹೊಳೆಯಲಿಲ್ಲ ನನಗೆ.

ಹೇಳಿದವಳು ತಂಗಿಯ ಮಗಳು. ಮನೆ ಖಾಲಿ ಮಾಡಲು ಬಂದಿದ್ದಳು. ನನ್ನ ಕೊಡೆ ಅಲ್ಲೇ ಉಳಿದಿತ್ತು, ತರಲು ಹೋಗಿದ್ದೆ. ಆ ಎರಡು ಫೋನುಗಳನ್ನು ಡಬ್ಬಿಗೆ ಹಾಕುತ್ತಿದ್ದವಳನ್ನು, ಟೀಚರು ಕಾಯಿನ್ ಏನು ಮಾಡಿದರೆಂದು ಕೇಳಿದೆ.

"ಅಯ್ಯೋ, ಆಂಟಿ ಅದನ್ನ ಆಟದ ಹಾಗೆ ಮಾಡ್ತಿದ್ರು ಸರ್" ಎಂದಳು. "ಚರ್ಚಿಂದ ಬಂದವರೇ ಈ ಫೋನಿಂದ ಮಾರೋದು, ಅಂಕಲ್ ಫೋನಿಂದ ಕೊಳ್ಳೋದು. ಮಾರನೇ ದಿನ ಅದರಿಂದ ಇದಕ್ಕೆ. ಪ್ರತಿ ಸಲ ಕಮಿಷನ್ ಕಟ್ ಆಗ್ತದೆ, ಯಾಕೆ ಆಂಟಿ ಅಂದ್ರೆ, ಬೋಣಿ ಆಗದಿದ್ರೆ ಪಾಪ ಎಲ್ಲರೂ ಹೆದರ್ತಾರೆ ಅನ್ನೋರು. ನಿಜವಾಗ್ಲೂ ದುಡ್ಡು ಹಾಕಿ ತಗೊಂಡದ್ದು ಒಂದೇ ಸಲ. ಕಸೂತಿ ಮೆಷಿನ್ನಿಗೆ ಇಟ್ಟಿದ್ರಲ್ಲ, ಆ ದುಡ್ಡಲ್ಲಿ."

"ಯಾವಾಗ?" ಎಂದೆ.

"ನಿಮ್ಮ ಮಿಸೆಸ್‌ಗೆ ಆಪರೇಷನ್ ಆಯ್ತಲ್ಲ ಸರ್, ಆಗ."

ಕೊಡೆ ತೆಗೆದುಕೊಳ್ಳದೆ ಮನೆಗೆ ಬಂದೆ.

ಅಂದಿನಿಂದ ಇದೇ ತಿರುಗಣಿ. ಒಂದು ದಿನ ಸಿಟ್ಟು ಬರುತ್ತದೆ. ಸತ್ತ ಕಾಯಿನ್‌ಗೆ ದಿನಾ ಬೆಳಿಗ್ಗೆ ಉಸಿರು ಊದಿ, ಬದುಕಿದೆ ಎಂದು ನಮ್ಮನ್ನೆಲ್ಲ ನಂಬಿಸಿದರಲ್ಲ. ವಾಲ್ಯೂಮ್ ಸೊನ್ನೆ ಎಂದು ಮೊದಲೇ ಕಂಡಿದ್ದರೆ ನಾನು ಎಚ್ಚೆತ್ತು ಮಾರುತ್ತಿದ್ದೆ. ಹಾಗೆಂದು ಕೂತರೆ, ಯಾರಿಗೆ ಮಾರುತ್ತಿದ್ದೆ ಎಂಬ ಪ್ರಶ್ನೆ ಏಳುತ್ತದೆ. ಇದ್ದ ಒಬ್ಬರೇ ಗಿರಾಕಿ ಅವರು. ಉಳಿದ ಅರ್ಧ ಈಗ ಕಾಸಿಗೂ ಹೋಗುವುದಿಲ್ಲ, ಹೋದ ಅರ್ಧದಿಂದ ನನ್ನ ಹೆಂಡತಿ ನಡೆದಾಡುತ್ತಿದ್ದಾಳೆ. ಮಾರಿ ಎಂದೂ ಅವರೇ ಹೇಳಿದರು, ಮಾರದಂತೆ ಮಾಡಿದ್ದೂ ಅವರೇ. ಊರಿನವರನ್ನೆಲ್ಲ ಇದಕ್ಕೆ ಎಳೆದ ಗಂಡನ ಮರ್ಯಾದೆ ಉಳಿಸಲು ಮಾಡಿದರೋ? ಯಾರೂ ಮುಖ ನೋಡದ, ಯಾರೂ ತಲೆ ತಗ್ಗಿಸದ ಒಂದು ಅಂಗಡಿ ಸಿಕ್ಕಿತೆಂದು ಮಾಡಿದರೋ? ಹೆಂಡತಿಯನ್ನು ಕೇಳಿದರೆ, "ಅವ್ರು ನಂಗೆ ಸೊಂಟ ಕೊಟ್ರು, ನೀವು ಲೆಕ್ಕ ಹಾಕ್ಕೊಂಡ್ ಕೂತ್ಕಳಿ" ಎನ್ನುತ್ತಾಳೆ. ಅವಳಿಗೆ ಎಲ್ಲ ಸ್ಪಷ್ಟ. ನನಗೆ ಅವರ ಮೇಲೆ ಸಿಟ್ಟಿದೆ, ಅವರಿಲ್ಲದೆ ಓಣಿ ಬಿಕೋ ಎನ್ನುತ್ತದೆ, ಎರಡೂ ಒಟ್ಟಿಗೇ ಇವೆ. ಹೆಸರು ಬರೆದರೆ ಕಾಯಿನ್ ಕೊಂಡವರಲ್ಲಿ ಯಾರಾದರೂ ಅವರನ್ನು ಕಳ್ಳಿ ಎಂದಾರು. ಅದನ್ನು ನಾನು ಕೇಳಿಸಿಕೊಳ್ಳಲಾರೆ. ನಾನು ಮನಸ್ಸಿನಲ್ಲಿ ಅಂದುಕೊಂಡಿರಬಹುದು, ಅದು ಬೇರೆ.

ಮೊನ್ನೆ ಹೆಂಡತಿಯ ರವಿಕೆಗೆ ಹುಕ್ಕು ಬೇಕೆಂದು ಬೆಳಿಗ್ಗೆಯೇ ಪೇಟೆಗೆ ಹೋದೆ. ನೂಲಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದ.

"ಬನ್ನಿ ಮೇಷ್ಟ್ರೇ, ನೀವೇ ಬೋಣಿ ಮಾಡಿ" ಎಂದ. ಹುಕ್ಕಿನ ಪಟ್ಟಿ ಹುಡುಕುತ್ತ ಫೋನು ನನ್ನ ಕಡೆ ತಿರುಗಿಸಿದ. "ನಮ್ ಕಾಯಿನ್ ಸತ್ತೋಯ್ತು ಕಣ್ ಮೇಷ್ಟ್ರೇ. ನೋಡಿ, ಸೊನ್ನೆ. ನಾನ್ ದಿನಾ ನೋಡ್ತಿದ್ದೆ, ಬೆಳಗಾಗ್ತಿದ್ದಂಗೆ ಯಾವನೋ ಪುಣ್ಯಾತ್ಮ ಬೋಣಿ ಮಾಡ್ಬುಡ್ತಿದ್ದ. ಎಂಥಾ ಕೈಗುಣ ಅಂತೀರಿ ಅವಂದು. ಅವನ ಕೈ ನಿಂತಿದ್ದೇ ತಡ, ಎಲ್ಲಾ ನಿಂತೋಯ್ತು. ಅಂಥ ಕೈ ಒಂದು ನಮ್ ಅಂಗಡಿಗೆ ಬಂದಿದ್ರೆ ನಾನು ಹಿಂಗಿರ್ತಿದ್ನಾ?"

ನಾನು ಸುಮ್ಮನಿರಬೇಕೆಂದೇ ಇದ್ದೆ. ಆಗಲಿಲ್ಲ.

"ಬರ್ತಿತ್ತು ಕಣೋ" ಎಂದೆ.

"ಯಾವ್ದು?"

"ಆ ಕೈ. ನಿನ್ನ ಅಂಗಡಿಗೆ."

"ಯಾವಾಗ ಬರ್ತಿತ್ತು ಮೇಷ್ಟ್ರೇ?"

"ನೀನು ಕರೀತಿದ್ದಷ್ಟು ದಿನ."

ಹುಕ್ಕಿನ ಪಟ್ಟಿಯನ್ನು ಕಾಗದದಲ್ಲಿ ಸುತ್ತುತ್ತಿದ್ದವನು ಹಾಗೇ ನಿಂತ. ಚರ್ಚಿನ ಕಡೆಯಿಂದ ಪೂಜೆ ಬಿಟ್ಟ ಜನ ಇಳಿದು ಬರುತ್ತಿದ್ದರು. ಅವನು ಅತ್ತ ನೋಡಿದ. ನಾನು ಪೊಟ್ಟಣ ತೆಗೆದುಕೊಂಡು ಹತ್ತು ರೂಪಾಯಿಯ ನೋಟು ಕೊಟ್ಟೆ. ಬೋಣಿಯ ಹಣ ಅದು, ಆದರೆ ಅವನು ಕಣ್ಣಿಗೊತ್ತಿಕೊಳ್ಳಲಿಲ್ಲ. ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.